ಒಂದು ಕ್ವಿಕ್ ರಿಲೀಸ್ ಪ್ಲೇಟಿನ ಪರೀಕ್ಷಾ ವರದಿ

1983ರಲ್ಲಿ ನಾನು ಬೇಲೂರಿನಲ್ಲಿ ಒಂದು ಸರ್ಕಾರಿ ಇಲಾಖೆಯ ಛಾಯಾಗ್ರಾಹಕನಾಗಿದ್ದೆ. ಇಲಾಖೆಯ ಹೆಸರು ಬೇಡ. ಅಂದು ಅದರಲ್ಲಿ ಮೆರೆದವರು ಈಗ ನಿವೃತ್ತರಾಗಿ, ಬೆಳಗಿನ ವಾಕಿಂಗಿನಲ್ಲಿ ಒಬ್ಬರನ್ನೊಬ್ಬರು ಹೊಗಳಿಕೊಂಡು ಸುಖವಾಗಿದ್ದಾರೆ. ಅವರಲ್ಲಿ ಯಾರಿಗೂ ಈ ಘಟನೆ ನೆನಪಿರಲಾರದು. ನೆನಪಿಟ್ಟುಕೊಳ್ಳುವ ಕೆಲಸವನ್ನೂ ಅವರು ಕೆಳಗಿನ ನೌಕರರಿಗೇ ಬಿಟ್ಟಿದ್ದರು.

ಬೇಲೂರು, ಹಳೇಬೀಡಿನ ಶಿಲ್ಪಗಳ ಚಿತ್ರ ತೆಗೆದು, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ ಕಡತಕ್ಕೆ ಸೇರಿಸುವುದು ನನ್ನ ಕೆಲಸ. ನನ್ನ ಬಳಿ ಎರಡು ಕ್ಯಾಮೆರಾಗಳಿದ್ದವು. ಕಪ್ಪು ಬಿಳುಪು ಫಿಲ್ಮಿನ ದೊಡ್ಡ ಕ್ಯಾಮೆರಾ ಸುಮಾರು ಮೂರು ಕಿಲೋ ತೂಗುತ್ತಿತ್ತು. ಇನ್ನೊಂದು ಬಣ್ಣದ ಸ್ಲೈಡಿಗೆಂದು ಇಟ್ಟಿದ್ದ ಸಣ್ಣದು. ಎರಡಕ್ಕೂ ಇದ್ದದ್ದು ಒಂದೇ ಟ್ರೈಪಾಡ್. ಅದರ ತಲೆಯಲ್ಲಿ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಇರುವ ಒಂದು ತಿರುಪಿರುತ್ತದೆ. ಕ್ಯಾಮೆರಾದ ತಳದ ತೂತಿಗೆ ಅದನ್ನು ಕೂರಿಸಿ, ಬೆರಳು ನೋಯುವವರೆಗೆ ತಿರುಗಿಸಿ ಬಿಗಿ ಮಾಡಬೇಕು. ಕ್ಯಾಮೆರಾ ಬದಲಿಸುವಾಗ ಅಷ್ಟನ್ನೂ ಬಿಚ್ಚಿ ಮತ್ತೆ ಬಿಗಿಯಬೇಕು. ಬೇಲೂರಿನ ಸೂರಿನಡಿಯ ಶಿಲಾಬಾಲಿಕೆಯರ ಮುಖದ ಮೇಲೆ ಒಳ್ಳೆಯ ಬೆಳಕು ನಿಲ್ಲುವುದು ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನ ಅರ್ಧ ತಿರುಪು ತಿರುಗಿಸುವುದರಲ್ಲೇ ಕಳೆಯುತ್ತಿತ್ತು.

ಇದಕ್ಕೆ ಪರಿಹಾರವಾಗಿ ಆಗಷ್ಟೇ ನಮ್ಮ ಕಡೆ ಹೆಸರು ಕೇಳಿಬರುತ್ತಿದ್ದ ಸಾಧನವೇ ಕ್ವಿಕ್ ರಿಲೀಸ್ ಪ್ಲೇಟ್. ಅಂಗೈ ಅಗಲದ ಒಂದು ಲೋಹದ ಬಿಲ್ಲೆಯನ್ನು ಕ್ಯಾಮೆರಾದ ತಳಕ್ಕೆ ಕಾಯಂ ಆಗಿ ಜೋಡಿಸಿರುತ್ತಾರೆ. ಟ್ರೈಪಾಡಿನ ತಲೆಯಲ್ಲಿ ಅದು ಕೂರುವಂಥ ಒಂದು ಗಾಡಿ, ಅಂದರೆ ಅಂಚು ಕಟ್ಟಿದ ತಗ್ಗು. ಬಿಲ್ಲೆಯನ್ನು ಗಾಡಿಯಲ್ಲಿ ಒತ್ತಿದರೆ ಪಕ್ಕದ ಲಿವರ್ ತಾನೇ ಬಂದು ಕಚ್ಚಿಕೊಳ್ಳುತ್ತದೆ. ಲಿವರ್ ಎಳೆದರೆ ಕ್ಯಾಮೆರಾ ಕೈಗೆ ಬರುತ್ತದೆ. ನಮಗೆ ಇಂಥದೊಂದು ಬೇಕೇ ಬೇಕು ಎಂದು ಕೇಳಿ ಕಾಗದ ಬರೆದವನು ನಾನೇ.

ಕಾಗದಕ್ಕೆ ಉತ್ತರವಾಗಿ ಸದಾಶಿವರಾಯರು ಬಂದರು. ಬೆಂಗಳೂರಿನ ಕಚೇರಿಯಲ್ಲಿ ನಮ್ಮ ವಿಭಾಗಕ್ಕೆ ಮೇಲಧಿಕಾರಿ. ಅವರಿಗೆ ಕ್ಯಾಮೆರಾ ಹಿಡಿಯಲು ಬರುತ್ತಿರಲಿಲ್ಲ, ಕ್ಯಾಟಲಾಗ್ ಹಿಡಿಯಲು ಚೆನ್ನಾಗಿ ಬರುತ್ತಿತ್ತು. ಹೊಳೆಯುವ ಕಾಗದದ ಮೇಲೆ ಅಚ್ಚಾದದ್ದೆಲ್ಲ ಅವರಿಗೆ ಸತ್ಯ. ದೇವಸ್ಥಾನಕ್ಕೆ ಬಂದರೆ ಶಿಲ್ಪ ನೋಡುವ ಮುಂಚೆ ತಾವು ಯಾವ ಕಂಬದ ಪಕ್ಕ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆಂದು ಕೇಳುತ್ತಿದ್ದ ಮನುಷ್ಯ. ಅಂದು ಪ್ರವಾಸಿ ಮಂದಿರದ ಮೇಜಿನ ಮೇಲೆ ಒಂದು ಪುಟ್ಟ ಪೆಟ್ಟಿಗೆ ಇಟ್ಟು, ಅದರೊಳಗಿಂದ ಮಗುವನ್ನು ಎತ್ತುವ ಹಾಗೆ ಜಪಾನಿನ ಪ್ಲೇಟನ್ನು ಎತ್ತಿದರು. ಜೊತೆಗೆ ಅದರ ಗಾಡಿ, ಎರಡನೆಯ ಕ್ಯಾಮೆರಾಕ್ಕೆ ಅಂಥದೇ ಇನ್ನೊಂದು ಬಿಲ್ಲೆ.

"ಏನ್ರೀ, ಇನ್ನೂ ತಿರುಪು ತಿರುಗಿಸ್ತಾ ಕೂತಿದ್ದೀರಲ್ಲ, ನಾಚಿಕೆ ಆಗಲ್ವೇ? ಪ್ರಪಂಚ ಎಲ್ಲಿಗೆ ಹೋಗಿದೆ ನೋಡಿ," ಎಂದರು.

ಸಣ್ಣ ಕ್ಯಾಮೆರಾಕ್ಕೆ ಜೋಡಿಸಿ ಒತ್ತಿದೆ. ಟಕ್ ಎಂದು ಕಚ್ಚಿತು. ಬಿಡಿಸಿ ಮತ್ತೆ ಒತ್ತಿದೆ. ಹತ್ತು ಹದಿನೈದು ಸಲ ಹಾಗೆ ಮಾಡಿರಬೇಕು. ಅದರಲ್ಲಿ ಎರಡು ಸಲ ಲಿವರ್ ಪೂರ್ತಿ ಬಂದರೂ ಟಕ್ ಎನ್ನುವ ಸದ್ದು ಮಂದವಾಗಿತ್ತು, ಬೆರಳಿಗೆ ಏನೋ ಸಡಿಲ ಎನಿಸಿತು. ದೊಡ್ಡ ಕ್ಯಾಮೆರಾದಲ್ಲಿ ನೋಡುವಂತಿರಲಿಲ್ಲ. ಅದರ ತಳದ ತೂತು ದಪ್ಪ, ಪ್ಲೇಟಿನ ತಿರುಪು ಸಣ್ಣ. ನಡುವೆ ಬುಷ್, ಅಂದರೆ ಹಿತ್ತಾಳೆಯ ಒಂದು ಸಣ್ಣ ಬಳೆ, ಮಾಡಿಸಿ ಕೂರಿಸಬೇಕಿತ್ತು.

"ದೊಡ್ಡ ಕ್ಯಾಮೆರಾ ಹಾಕಿ ಒಂದು ವಾರ ನೋಡಬೇಕಿತ್ತು ಸಾರ್," ಎಂದೆ.

"ನೋಡಿ, ಬೇಡ ಅಂದೋರು ಯಾರು? ರಿಪೋರ್ಟ್ ಮಾತ್ರ ಈಗ್ಲೇ ಕೊಡಿ. ನಾಡಿದ್ದು ಖರೀದಿ ಸಮಿತಿ ಇದೆ."

ವರದಿಯನ್ನು ಅವರು ಬೆಂಗಳೂರಿನಲ್ಲೇ ಟೈಪ್ ಮಾಡಿಸಿ ತಂದಿದ್ದರು. "ದೊಡ್ಡ ಹಾಗೂ ಸಣ್ಣ ಕ್ಯಾಮೆರಾಗಳೆರಡರಲ್ಲೂ ಪರೀಕ್ಷಿಸಲಾಗಿದ್ದು, ತೃಪ್ತಿಕರವಾಗಿದೆ" ಎಂಬುದು ಅದರ ಕೊನೆಯ ಸಾಲು. ಆ ವರ್ಷ ಹಿರಿಯ ಛಾಯಾಗ್ರಾಹಕನ ಹುದ್ದೆಗೆ ನನ್ನ ಹೆಸರು ಹೋಗಬೇಕಿತ್ತು, ಕಳಿಸಬೇಕಾದವರು ಇದೇ ರಾಯರು. ನಾನು ಸಹಿ ಹಾಕಿದೆ. ರಾಯರನ್ನು ಅಷ್ಟೊಂದು ಹಂಗಿಸಿದ ಮೇಲೆ ಇದನ್ನೂ ಹೇಳಬೇಕು: ಆ ಕೋಣೆಯಲ್ಲಿ ಆ ಕ್ಷಣ ಹೆಚ್ಚು ಕೀಳಾದವನು ನಾನು. ಪ್ಲೇಟು ಸಡಿಲವೆಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಬುಷ್ ಮಾಡಿಸಲು ಜಾವಗಲ್ ಮೇಲಿನ ಬಸ್ಸು ಹಿಡಿದು ಅರಸೀಕೆರೆಗೆ ಹೋದೆ. ಅಲ್ಲಿ ರುದ್ರಾಚಾರ್ ಎಂಬುವರ ಲೇತ್ ಅಂಗಡಿಯಿತ್ತು. ಕಣಕಟ್ಟೆ ಕಡೆಯವರು, ಐವತ್ತು ದಾಟಿದ ವಯಸ್ಸು, ಪಂಪ್‌ಸೆಟ್ಟಿನ ಶಾಫ್ಟು, ಎಣ್ಣೆ ಗಾಣದ ಬಿಡಿಭಾಗ ಕಡೆಯುವುದು ಅವರ ದಿನದ ಕೆಲಸ. ಪ್ಲೇಟನ್ನು ಗಾಡಿಯ ಸಮೇತ ಕೈಗೆ ತೆಗೆದುಕೊಂಡು ಎರಡು ಸಲ ಮಗುಚಿ ನೋಡಿದರು.

"ಏನ್ ಸಾಮಿ ಇದು? ಸುಣ್ಣದ ಡಬ್ಬಿ ಮುಚ್ಳ ಇದ್ದಂಗೈತೆ."

"ಜಪಾನಿದು ಕಣ್ರೀ."

"ಎಲ್ಲೀದಾದ್ರೂ ಆಗ್ಲಿ. ಇಲ್ನೋಡಿ."

ಲೇತಿನ ಕೆಳಗಿಂದ ಜೀರಿಗೆಯಷ್ಟು ಕಬ್ಬಿಣದ ಚೂರು ಹೆಕ್ಕಿ ಗಾಡಿಯ ಅಂಚಿನಲ್ಲಿಟ್ಟು, ಪ್ಲೇಟನ್ನು ಒತ್ತಿದರು. ಲಿವರ್ ಬಂದು ಮುಚ್ಚಿಕೊಂಡಿತು. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗೇ ಇತ್ತು. ಆಮೇಲೆ ಎರಡೇ ಬೆರಳಲ್ಲಿ ಪ್ಲೇಟನ್ನು ಎತ್ತಿ ತೋರಿಸಿದರು.

"ಬಾಯಿ ಮುಚ್ದಂಗೆ ಕಾಣ್ತದೆ. ಹಲ್ಲು ಕಚ್ಚಿಲ್ಲ. ಇದಕ್ಕೊಂದು ತಡೆ ಪಿನ್ನು ಹಾಕ್ಸಿ ಸಾಮಿ, ಇಲ್ದಿದ್ರೆ ಒಂದಿನ ಯಾರ್ ಮ್ಯಾಲಾದ್ರೂ ಬೀಳ್ತದೆ."

ನಾನು ನಕ್ಕೆ. "ಕ್ಯಾಮೆರಾದೊಳಗೆ ಕಬ್ಬಿಣದ ಚೂರು ಯಾಕ್ರೀ ಬರುತ್ತೆ? ನೀವು ಬುಷ್ ಮಾಡಿಕೊಡಿ, ಸಾಕು."

ಗಾಣದ ಬೋಲ್ಟ್ ಕಡೆಯುವವನು ಜಪಾನಿನವರಿಗೆ ಪಾಠ ಹೇಳುತ್ತಾನಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಗೇಲಿ ಮಾಡಿಕೊಂಡು ಬಂದೆ. ರಾಯರ ಬಗ್ಗೆ ನನಗಿದ್ದ ತಿರಸ್ಕಾರ, ರುದ್ರಾಚಾರರ ಬಗ್ಗೆ ನನಗಿದ್ದ ತಿರಸ್ಕಾರ, ಎರಡೂ ಒಂದೇ ಹೊಟ್ಟೆಯೊಳಗಿದ್ದವು.

ಮೂರು ವಾರ ಪ್ಲೇಟು ಚೆನ್ನಾಗಿಯೇ ಕೆಲಸ ಮಾಡಿತು. ಬೇಲೂರಿನಲ್ಲಿ ಮುಂಚೆ ಒಂದು ಬೆಳಿಗ್ಗೆಗೆ ಮೂರು ಶಿಲ್ಪ ಮುಗಿದರೆ ಹೆಚ್ಚು, ಈಗ ಏಳೆಂಟು ಮುಗಿಯುತ್ತಿದ್ದವು. ಸದ್ದು ಮಂದವಾದ ದಿನ ಇನ್ನೊಮ್ಮೆ ಒತ್ತಿ ಸರಿ ಮಾಡಿಕೊಳ್ಳುತ್ತಿದ್ದೆ. ಅದು ಅಭ್ಯಾಸವಾಯಿತು. ದೋಷ ಅಭ್ಯಾಸವಾದ ಮೇಲೆ ದೋಷವೆಂದು ಅನ್ನಿಸುವುದೇ ನಿಂತುಹೋಯಿತು.

ಆಮೇಲೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಸರದಿ. ಕನ್ನಡಿಯಂತೆ ನುಣುಪಾದ ಕಂಬಗಳು, ಒಳಗೆ ಕಪ್ಪು ಕಲ್ಲಿನ ಎತ್ತರದ ವಿಗ್ರಹ. ಬೆಳಕು ಬಹಳ ಕಡಿಮೆ. ಫ್ಲ್ಯಾಷ್ ಹಾಕಿದರೆ ನುಣುಪು ಕಲ್ಲಿನ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಹೀಗಾಗಿ ಹೊರಗೆ ಬಿಸಿಲಲ್ಲಿ ಒಂದು ಕನ್ನಡಿಯನ್ನು ಕುರ್ಚಿಗೆ ಒರಗಿಸಿ ಬೆಳಕನ್ನು ಬಾಗಿಲೊಳಗೆ ಬಿಟ್ಟು, ಒಳಗೆ ಇನ್ನೊಂದು ಕನ್ನಡಿಯಲ್ಲಿ ಅದನ್ನು ಹಿಡಿದು ವಿಗ್ರಹದ ಮುಖಕ್ಕೆ ಎತ್ತಬೇಕಿತ್ತು. ಒಳಗಿನ ಕನ್ನಡಿಯನ್ನು ಹಿಡಿಯಲು ಒಪ್ಪಿದವರು ಪದ್ಮರಾಜಯ್ಯ.

ಪದ್ಮರಾಜಯ್ಯನವರು ಹಳೇಬೀಡಿನ ಜೈನರು. ಅರವತ್ತರ ಮೇಲೆ ವಯಸ್ಸು, ಕೊಬ್ಬರಿ ವ್ಯಾಪಾರ, ಸ್ವಲ್ಪ ಜಮೀನು. ದಿನಾ ಬೆಳಿಗ್ಗೆ ಮಡಿಯುಟ್ಟು ಬಸದಿಗೆ ಬರುತ್ತಿದ್ದರು. ಕನ್ನಡಿಯನ್ನೂ ತಮ್ಮ ಮನೆಯ ಬೀರುವಿನಿಂದ ಕಳಚಿ ತಂದಿದ್ದರು. "ದೇವರ ಮುಖಕ್ಕೆ ಬೆಳಕು ಹಿಡಿಯೋ ಕೆಲಸ, ಯಾರಿಗುಂಟು ಯಾರಿಗಿಲ್ಲ ಸ್ವಾಮಿ," ಎಂದು ಟ್ರೈಪಾಡಿನ ಬುಡದಲ್ಲಿ ಮಣೆ ಹಾಕಿಕೊಂಡು ಕೂತರು.

ವಿಗ್ರಹ ಎತ್ತರವಾದದ್ದರಿಂದ ದೊಡ್ಡ ಕ್ಯಾಮೆರಾವನ್ನು ಪಕ್ಕಕ್ಕೆ ಮಲಗಿಸಬೇಕಿತ್ತು. ಹಾಗೆ ಮಲಗಿಸಿದಾಗ ಇಡೀ ಭಾರ ಪ್ಲೇಟಿನ ಒಂದೇ ಅಂಚಿಗೆ ಬೀಳುತ್ತದೆ. ಮಲಗಿಸಿ ಬಿಗಿ ಮಾಡಿದೆ. ಶಟರ್ ತೆರೆದು ಎಣಿಸತೊಡಗಿದೆ. ಇಪ್ಪತ್ತರವರೆಗೆ ಎಣಿಸಬೇಕಿತ್ತು. ಎಂಟಕ್ಕೆ ಬಂದಾಗ ಕ್ಯಾಮೆರಾ ಪ್ಲೇಟಿನ ಸಮೇತ ಗಾಡಿಯಿಂದ ಜಾರಿ, ನೇರವಾಗಿ ಪದ್ಮರಾಜಯ್ಯನವರ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು.

ಅವರು ಕೂಗಲಿಲ್ಲ. ಕನ್ನಡಿ ನೆಲಕ್ಕೆ ಬಿದ್ದು ಒಡೆಯಿತು. ಅವರು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, "ಏನೋ ಆಯ್ತು ಸ್ವಾಮಿ," ಎಂದರು. ಕೈ ಮಣಿಕಟ್ಟಿನಲ್ಲಿ ಇರಬೇಕಾದ ಕೋನದಲ್ಲಿ ಇರಲಿಲ್ಲ. ಇಲಾಖೆಯ ಜೀಪಿನಲ್ಲಿ ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ಮೂಳೆ ಮುರಿದಿವೆ, ವಯಸ್ಸಾಗಿದೆ, ಕೂಡಿಕೊಂಡರೂ ಕೈ ಪೂರ್ತಿ ತಿರುಗುವುದು ಕಷ್ಟ ಎಂದರು ವೈದ್ಯರು.

ಅವರನ್ನು ಮನೆ ಮುಟ್ಟಿಸಿ ಬಸದಿಗೆ ವಾಪಸು ಬಂದು ನೋಡಿದೆ. ಟ್ರೈಪಾಡ್ ಇದ್ದಲ್ಲೇ ನಿಂತಿತ್ತು. ಲಿವರ್ ಪೂರ್ತಿ ಮುಚ್ಚಿತ್ತು. ಗಾಡಿಯ ಅಂಚಿನಲ್ಲಿ ಸಾಸಿವೆಯಷ್ಟು ಕಲ್ಲಿನ ಹರಳು.

ಸದಾಶಿವರಾಯರು ಎರಡನೆಯ ದಿನ ಬಂದರು. ಗಾಯಾಳು ಹೇಗಿದ್ದಾರೆ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ. ಕೇಳಿರಲೂಬಹುದು, ಕಾರಿನಿಂದ ಇಳಿಯುವಾಗ. ಅವರ ಚಿಂತೆಯೆಲ್ಲ ಸಮಿತಿಯದು. ಅದೇ ಮಾದರಿಯ ಇನ್ನೂ ಆರು ಪ್ಲೇಟುಗಳಿಗೆ ಸಮಿತಿ ನನ್ನ ವರದಿಯ ಆಧಾರದ ಮೇಲೆ ಒಪ್ಪಿಗೆ ಕೊಟ್ಟಾಗಿತ್ತು.

"ನೋಡಿ, ತಪ್ಪು ಅಂದ್ರೆ ಮೊದಲು ನಿಮ್ಮ ಸಹಿ ಬರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ. ಆ ಯಜಮಾನರು ಎದ್ದೇಳೋವಾಗ ಟ್ರೈಪಾಡ್ ಕಾಲು ಹಿಡಿದು ಎಳೆದರು ಅಂತ ಬರೀರಿ. ಅವರದ್ದೂ ಒಂದು ಸಹಿ ಇರಲಿ. ವಯಸ್ಸಾದೋರು, ಯಾರೂ ಏನೂ ಅನ್ನಲ್ಲ."

ನಾನು ಬರೆದೆ. ಯಾರೋ ಬಲವಂತ ಮಾಡಿದರು ಎಂದು ಹೇಳಿಕೊಳ್ಳಲಾರೆ. ಒಳ್ಳೆಯ ಕಾಗದದ ಮೇಲೆ, ದುಂಡನೆಯ ಅಕ್ಷರದಲ್ಲಿ, ತಪ್ಪಿಲ್ಲದ ಕನ್ನಡದಲ್ಲಿ ಬರೆದೆ. ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಒಂದು ಡಜನ್ ಕಿತ್ತಳೆ ಹಣ್ಣು ಕೊಂಡುಕೊಂಡು ಹಳೇಬೀಡಿಗೆ ಹೋದೆ. ಸುಳ್ಳಿಗೆ ಸಹಿ ಕೇಳಲು ಹೋಗುವವನು ಬರಿಗೈಯಲ್ಲಿ ಹೋಗಬಾರದು ಎಂಬ ಶಿಷ್ಟಾಚಾರ ನನ್ನಲ್ಲಿ ಇನ್ನೂ ಉಳಿದಿತ್ತು.

ಪದ್ಮರಾಜಯ್ಯ ಜಗಲಿಯ ಮೇಲೆ ಕೂತಿದ್ದರು. ಬಲಗೈಗೆ ಪ್ಲಾಸ್ಟರು. ಅವರ ಹೆಂಡತಿ ಚಂದ್ರಮತಮ್ಮ ಕಾಫಿ ತಂದಿಟ್ಟು, "ಊಟಕ್ಕೂ ನಾನೇ ಕಲಸಿ ಕೊಡಬೇಕು ನೋಡಿ, ಚಿಕ್ಕ ಮಕ್ಕಳ ಥರ," ಎಂದು ನಗುತ್ತಲೇ ಹೇಳಿ ಒಳಗೆ ಹೋದರು. ನಾನು ಕಾಗದ ಕೊಟ್ಟೆ. ಕನ್ನಡಕವನ್ನು ಎಡಗೈಯಲ್ಲಿ ಕಷ್ಟಪಟ್ಟು ಏರಿಸಿಕೊಂಡು ಅವರು ನಿಧಾನವಾಗಿ ಪೂರ್ತಿ ಓದಿದರು.

"ನಾನು ಕಾಲು ಎಳೆದೆ ಅಂತ ಬರೆದಿದ್ದೀರಿ."

ನಾನು ಕಾಫಿ ಲೋಟ ಕೈಗೆತ್ತಿಕೊಂಡೆ.

"ಇದು ಇಲ್ದಿದ್ರೆ ನಿಮ್ಮ ಕೆಲಸಕ್ಕೆ ತೊಂದ್ರೆ ಆಗುತ್ತೋ?"

"ಆಗಬಹುದು ಯಜಮಾನರೇ."

"ಹಾಗಾದ್ರೆ ಎಡಗೈ ಹೆಬ್ಬೆಟ್ಟು ಒತ್ತಿ ಕೊಡ್ತೀನಿ. ನನ್ನದೇನು, ನಾನು ಯಾವ ಆಫೀಸಿಗೆ ಹೋಗಬೇಕು? ಆದ್ರೆ ನನಗೊಂದು ಅರ್ಥ ಆಗಲಿಲ್ಲ ಸ್ವಾಮಿ. ನಾನು ಕಾಲು ಎಳೆದಿದ್ರೆ ಮುಕ್ಕಾಲಿ ಅಲ್ವೇ ಬೀಳಬೇಕಾದ್ದು? ಅದು ನಿಂತೇ ಇತ್ತಲ್ಲ. ನಾಳೆ ಯಾರಾದ್ರೂ ಇದನ್ನ ಕೇಳಿದ್ರೆ ನೀವೇನು ಹೇಳ್ತೀರಿ?"

ಅವರು ಚುಚ್ಚಿ ಹೇಳಿದ್ದಲ್ಲ. ನಾನು ಸಿಕ್ಕಿಬೀಳಬಾರದೆಂಬ ಕಾಳಜಿಯಿಂದಲೇ ಕೇಳಿದ್ದು. ಕೈ ಮುರಿಸಿಕೊಂಡವರು ಕೈ ಮುರಿದವನ ಸುಳ್ಳಿನ ತೂತನ್ನು ಮುಚ್ಚಲು ನೋಡುತ್ತಿದ್ದರು. ಸದಾಶಿವರಾಯರನ್ನು ಆ ದಿನದವರೆಗೂ ನಾನು ಮನುಷ್ಯರಲ್ಲೇ ಅತ್ಯಂತ ಹಗುರವಾದವರು ಎಂದುಕೊಂಡಿದ್ದೆ. ಆ ಜಗಲಿಯ ಮೇಲೆ ಕೂತಾಗ ರಾಯರು ನನಗಿಂತ ಎಷ್ಟೋ ತೂಕವಾಗಿ ಕಂಡರು. ಅವರು ಸುಳ್ಳನ್ನು ಕಾರಿನಲ್ಲಿ ಕೂತು ಹೇಳಿ ಹೋಗಿದ್ದರು. ನಾನು ಅದನ್ನು ಗಾಯಾಳುವಿನ ಮನೆಗೆ ಹೊತ್ತು ತಂದು, ಅವರ ಕಾಫಿ ಕುಡಿಯುತ್ತಿದ್ದೆ.

ಕಾಗದ ವಾಪಸು ಇಸಿದುಕೊಂಡು ಅಲ್ಲೇ ಹರಿದೆ. "ತಪ್ಪು ನಂದು ಯಜಮಾನರೇ. ಅದು ಸರಿಯಾಗಿ ಕಚ್ಚಲ್ಲ ಅಂತ ನನಗೆ ಮುಂಚೇನೇ ಗೊತ್ತಿತ್ತು," ಎಂದೆ.

ಅವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಗೊತ್ತಿತ್ತು ಅಂತೀರಾ," ಎಂದರು. ಅಷ್ಟೇ. ಆಗ ಮೊದಲ ಸಲ ಅವರ ಮುಖದಲ್ಲಿ ನೋವು ಕಂಡಿತು. ಮೂಳೆ ಮುರಿದಾಗಲೂ ನಾನು ಅದನ್ನು ನೋಡಿರಲಿಲ್ಲ.

ಬೇಲೂರಿಗೆ ಬಂದು ಎರಡನೆಯ ವರದಿ ಬರೆದೆ. ದೊಡ್ಡ ಕ್ಯಾಮೆರಾದಲ್ಲಿ ಪರೀಕ್ಷೆ ನಡೆದೇ ಇರಲಿಲ್ಲ ಎಂದು, ಮೊದಲ ದಿನವೇ ಎರಡು ಸಲ ಸಡಿಲ ಗಮನಿಸಿದ್ದೆನೆಂದು, ಅರಸೀಕೆರೆಯ ಒಬ್ಬ ಕುಶಲಕರ್ಮಿ ದೋಷವನ್ನು ಕಣ್ಣೆದುರೇ ತೋರಿಸಿದ್ದರೂ ಅಲಕ್ಷಿಸಿದೆನೆಂದು ಬರೆದು ಸಹಿ ಹಾಕಿ, ರಾಯರಿಗಲ್ಲದೆ ಅವರ ಮೇಲಿನವರಿಗೂ ಒಂದು ಪ್ರತಿ ಕಳಿಸಿದೆ. ನನಗೆ ಲಿಖಿತ ಎಚ್ಚರಿಕೆ ಬಂತು. ಹಿರಿಯ ಛಾಯಾಗ್ರಾಹಕನ ಹುದ್ದೆಗೆ ಬೇರೊಬ್ಬರ ಹೆಸರು ಹೋಯಿತು. ಪದ್ಮರಾಜಯ್ಯನವರಿಗೆ ಇಲಾಖೆಯಿಂದ ವಿಷಾದದ ಒಂದು ಪತ್ರ ಹೋಯಿತು, ಅದರಲ್ಲಿ ಅವರ ಹೆಸರನ್ನು ಪದ್ಮನಾಭಯ್ಯ ಎಂದು ಬರೆದಿದ್ದರು. ಸದಾಶಿವರಾಯರಿಗೆ ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ. ವರ್ಷ ತುಂಬುವುದರೊಳಗೆ ಇನ್ನೊಂದು ಮೆಟ್ಟಿಲು ಹತ್ತಿದರು.

ಕೆಲಸ ನಿಲ್ಲುವಂತಿರಲಿಲ್ಲ. ಕ್ಯಾಮೆರಾ ರಿಪೇರಿಯಾಗಿ ಬಂದ ಮೇಲೆ ಮತ್ತೆ ಅರಸೀಕೆರೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ನಾನು ಹೇಳಿದ್ದೆನಲ್ಲ ಎಂದು ರುದ್ರಾಚಾರ್ ಒಂದು ಮಾತೂ ಆಡಲಿಲ್ಲ. "ಕೈ ಯಾವ್ದು, ಬಲಗೈಯಾ?" ಎಂದು ಮಾತ್ರ ಕೇಳಿದರು. ಆಮೇಲೆ ಹಿತ್ತಾಳೆಯ ತುಂಡೊಂದನ್ನು ಹುಡುಕಿ ತೆಗೆದರು.

ಅವರು ಮಾಡಿಕೊಟ್ಟ ಮೊದಲ ಪ್ಲೇಟು ಶುದ್ಧ ದಂಡ. ಎಷ್ಟು ಬಿಗಿಯಾಗಿತ್ತೆಂದರೆ, ಬಿಸಿಲು ಏರಿದ ಮೇಲೆ ಹಿತ್ತಾಳೆ ಹಿಗ್ಗಿ ಕ್ಯಾಮೆರಾ ಟ್ರೈಪಾಡಿಗೇ ಅಂಟಿಕೊಂಡಿತು. ಬಿಡಿಸಲು ಮರದ ಸುತ್ತಿಗೆ ಬೇಕಾಯಿತು, ಒಂದು ಬೆಳಿಗ್ಗೆ ಹಾಳಾಯಿತು. ಹೋಗಿ ಬೈದೆ. "ಬೈರಿ ಸಾಮಿ, ಬೈಸ್ಕಳೋದು ನಂದೇ," ಎಂದು ಅದನ್ನು ಗುಜರಿಗೆ ಎಸೆದು ಉಕ್ಕಿನಲ್ಲಿ ಇನ್ನೊಂದು ಮಾಡಿದರು. ಪ್ಲೇಟಿನ ಎರಡು ಅಂಚನ್ನೂ ಓರೆಯಾಗಿ ಕಡೆದು, ಗಾಡಿಯೊಳಗೆ ಪಕ್ಕದಿಂದ ಜಾರಿಸುವಂತೆ ಮಾಡಿದ್ದರು. ಮೇಲಕ್ಕೆ ಎತ್ತಿದರೆ ಬರುವುದೇ ಇಲ್ಲ. ಎರಡು ತುದಿಗೂ ಒಂದೊಂದು ತಡೆ ಪಿನ್ನು. ಮಲಗಿಸಿದಾಗ ಕ್ಯಾಮೆರಾ ತಿರುಗಬಾರದೆಂದು ಹಿಂದುಗಡೆ ಒಂದು ಸಣ್ಣ ಕಟ್ಟೆ. ನೋಡಲು ಎತ್ತಿನ ಗಾಡಿಯ ಸಾಮಾನಿನಂತಿತ್ತು, ತೂಕವೂ ಹಾಗೇ. ಜಪಾನಿನದರಷ್ಟು ಬೇಗ ಬಿಡಿಸಲೂ ಆಗುತ್ತಿರಲಿಲ್ಲ.

ಈ ಸಲ ಪರೀಕ್ಷೆ ಮಾಡಿದೆ. ಕ್ಯಾಮೆರಾದ ಎರಡರಷ್ಟು ತೂಕದ ಕಲ್ಲಿನ ಚೀಲ ಕಟ್ಟಿ ಮಲಗಿಸಿ ಒಂದು ಹಗಲು ಬಿಟ್ಟೆ. ಗಾಡಿಯೊಳಗೆ ಬೇಕೆಂದೇ ಮಣ್ಣು, ಕಲ್ಲಿನ ಪುಡಿ ಹಾಕಿದೆ. ಹರಳು ಸಿಕ್ಕಿದಾಗ ಪ್ಲೇಟು ಒಳಗೆ ಹೋಗಲೇ ಇಲ್ಲ. ಕೂತ ಹಾಗೆ ನಟಿಸಲಿಲ್ಲ. ನನಗೆ ಬೇಕಾದದ್ದು ಅದೊಂದೇ ಗುಣ. ಅದನ್ನೇ ಆರಿಸಿದೆ.

ಬಸದಿಯ ಚಿತ್ರ ತೆಗೆಯುವ ದಿನ ಪದ್ಮರಾಜಯ್ಯ ಬಂದರು. ಪ್ಲಾಸ್ಟರು ಬಿಚ್ಚಿತ್ತು, ಆದರೆ ಅಂಗೈ ಮೇಲ್ಮುಖವಾಗಿ ಪೂರ್ತಿ ತಿರುಗುತ್ತಿರಲಿಲ್ಲ. ತೀರ್ಥ ಕೊಟ್ಟರೆ ಎಡಗೈ ಆಸರೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಕೊನೆಯವರೆಗೂ ಹಾಗೇ ಉಳಿಯಿತು. ನಾನು ಅವರನ್ನು ಟ್ರೈಪಾಡಿನಿಂದ ದೂರ ಕೂರಿಸಿದೆ. ಇಪ್ಪತ್ತರವರೆಗೆ ಎಣಿಸಿದೆ. ಚಿತ್ರ ಚೆನ್ನಾಗಿ ಬಂತು. ಅವರು ನನ್ನೊಂದಿಗೆ ಮುಂಚಿನಂತೆಯೇ ಮಾತಾಡಿದರು, ಆದರೆ ಮನೆಗೆ ಬನ್ನಿ ಎಂದು ಕರೆಯಲಿಲ್ಲ. ಅದು ನ್ಯಾಯವಾಗಿಯೇ ಇತ್ತು.

ಮುಂದಿನ ವರ್ಷ ಆ ಆರು ಪ್ಲೇಟುಗಳು ಬಂದೇ ಬಂದವು. ಹಾಗೇ, ಪಿನ್ನಿಲ್ಲದೆ, ಹೊಳೆಯುತ್ತ. ಉಗ್ರಾಣದ ಗುಮಾಸ್ತರು ಪುಸ್ತಕ ತೆರೆದು, "ಪರೀಕ್ಷಿಸಿ ಸ್ವೀಕರಿಸಲಾಗಿದೆ ಅಂತ ಒಂದು ಸಹಿ ಹಾಕಿಬಿಡಿ ಸಾರ್, ಐದು ಗಂಟೆ ಆಗ್ತಾ ಬಂತು," ಎಂದರು.

"ದೊಡ್ಡ ಕ್ಯಾಮೆರಾ ತರಿಸಿ, ಒಂದು ವಾರ ನೋಡ್ತೀನಿ," ಎಂದೆ.

"ಒಂದು ಸಹಿಗೆ ಒಂದು ವಾರಾನಾ?"

"ಹೌದು ಕಣ್ರೀ."

ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ ಪುಸ್ತಕ ಮುಚ್ಚಿದರು. ಮಾರನೆಯ ದಿನ ಬೇರೆ ಯಾರೋ ಸಹಿ ಹಾಕಿದರಂತೆ. ಯಾರೆಂದು ನಾನು ಕೇಳಲಿಲ್ಲ. ಅಂಥ ಜಾಗ ಖಾಲಿ ಉಳಿಯುವುದಿಲ್ಲ, ತುಂಬಲು ಯಾವಾಗಲೂ ಒಬ್ಬ ಸಿಗುತ್ತಾನೆ. ನಿವೃತ್ತನಾಗುವವರೆಗೆ ಆ ಒಬ್ಬ ನಾನಾಗದಂತೆ ನೋಡಿಕೊಂಡೆ. ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದನ್ನು ಕಲಿಯಲು ಬೇರೊಬ್ಬರ ಬಲಗೈ ಬೇಕಾಯಿತು.